ಬಂದರು ಕೂಲಿಗಳ ಕಾರ್ಡಿನಲ್

ಲಂಡನ್ನಿನ ಪೂರ್ವ ದಿಕ್ಕಿನಲ್ಲಿ, ಥೇಮ್ಸ್ ನದಿ ಕುದುರೆಯ ಲಾಳದಂತೆ ಬಾಗುವ ಕಡೆ, ಇಂದು ಕೆನರಿ ವಾರ್ಫ್‌ನ ಗಾಜಿನ ಕಟ್ಟಡಗಳು ಮುಗಿಲು ಮುಟ್ಟಿ ನಿಂತಿವೆ. ನಮ್ಮ ಕನ್ನಡ ಕುಟುಂಬಗಳಲ್ಲಿ ಎಷ್ಟೋ ಮಂದಿ ಬೆಳಗಾದರೆ ಅಲ್ಲಿನ ಬ್ಯಾಂಕುಗಳಿಗೂ ಕಂಪ್ಯೂಟರ್ ಕಚೇರಿಗಳಿಗೂ ಹೋಗಿ ಬರುವವರೇ. ಆ ನೆಲದ ಹಳೆಯ ಹೆಸರು ವೆಸ್ಟ್ ಇಂಡಿಯಾ ಡಾಕ್ಸ್. 1802ರಲ್ಲಿ ತೆರೆದ ಆ ಹಡಗುಕಟ್ಟೆ 1980ರಲ್ಲಿ ಮುಚ್ಚಿತು. ಅದರ ಹಳೆಯ ಸಕ್ಕರೆ ಗೋದಾಮೊಂದರಲ್ಲಿ ಈಗ ಬಂದರಿನ ಇತಿಹಾಸ ಹೇಳುವ ವಸ್ತುಸಂಗ್ರಹಾಲಯವಿದೆ. ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಿಬಂದವರು ನಮ್ಮಲ್ಲಿ ಹಲವರಿದ್ದಾರೆ.

1889ರ ಬೇಸಿಗೆಯಲ್ಲಿ ಅದೇ ಕಟ್ಟೆಯ ಮೇಲೆ ಒಂದು ಮುಷ್ಕರ ನಡೆಯಿತು. ಗಂಟೆಗೆ ಐದು ಪೆನ್ಸ್ ಇದ್ದ ಕೂಲಿಯನ್ನು ಆರು ಪೆನ್ಸ್ ಮಾಡಿ ಎಂದು ಕೇಳಿದ ಮುಷ್ಕರ. ಆರು ಹಳೆಯ ಪೆನ್ಸ್ ಎಂದರೆ ಈಗಿನ ಲೆಕ್ಕದಲ್ಲಿ ಎರಡೂವರೆ ಪೆನ್ಸ್! ಅಷ್ಟಕ್ಕಾಗಿ ಜಗತ್ತಿನ ಅತಿದೊಡ್ಡ ಬಂದರು ಐದು ವಾರ ಸ್ತಬ್ಧವಾಯಿತು. ಅದನ್ನು ಗೌರವದಿಂದ ಮುಗಿಸಿಕೊಟ್ಟವರಲ್ಲಿ ಮುಖ್ಯರಾದವರು ಎಂಬತ್ತೊಂದು ವರ್ಷದ ಒಬ್ಬ ಕಥೋಲಿಕ ಗುರುಗಳು, ವೆಸ್ಟ್‌ಮಿನ್‌ಸ್ಟರಿನ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಹೆನ್ರಿ ಎಡ್ವರ್ಡ್ ಮ್ಯಾನಿಂಗ್ ಅವರು. ದುಡಿಮೆಯ ಘನತೆ ಎಂಬ ಮಾತನ್ನು ಧರ್ಮಗ್ರಂಥದ ಪುಟದಿಂದ ಎತ್ತಿ ಕೂಲಿಯ ಲೆಕ್ಕದ ಪುಸ್ತಕದೊಳಕ್ಕೆ ಇಟ್ಟ ಈ ಮಹನೀಯರ ಜೀವನವನ್ನು ನಮ್ಮ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ. ನಾವು ಅನ್ನ ಉಣ್ಣುತ್ತಿರುವ ಈ ದೇಶದ ಕಥೆಯಿದು. ನಮ್ಮ ದೇಶದ ಒಬ್ಬ ಯುವಕನೂ ಇದರಲ್ಲಿ ಬಂದು ಹೋಗುತ್ತಾನೆ. ಆತ ಯಾರೆಂಬುದನ್ನು ಮುಂದೆ ಹೇಳುತ್ತೇವೆ.

ಮ್ಯಾನಿಂಗ್ ಅವರು ಹುಟ್ಟಿದ್ದು 1808ರ ಜುಲೈ 15ರಂದು, ಲಂಡನ್ನಿನ ಉತ್ತರಕ್ಕಿರುವ ಟಾಟರಿಡ್ಜ್ ಗ್ರಾಮದಲ್ಲಿ. ಮನೆತನ ಬಡವರದ್ದಲ್ಲ. ತಂದೆ ವಿಲಿಯಂ ಮ್ಯಾನಿಂಗ್ ವೆಸ್ಟ್ ಇಂಡೀಸ್ ದ್ವೀಪಗಳೊಡನೆ ವ್ಯಾಪಾರ ಮಾಡುತ್ತಿದ್ದ ದೊಡ್ಡ ವರ್ತಕರು, ಪಾರ್ಲಿಮೆಂಟಿನ ಸದಸ್ಯರು, ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಆಗಿದ್ದವರು. ವೆಸ್ಟ್ ಇಂಡೀಸಿನ ವ್ಯಾಪಾರ ಎಂದರೆ ಸಕ್ಕರೆ. ಆ ಸಕ್ಕರೆ ಎಂದರೆ ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ದುಡಿದ ಆಫ್ರಿಕನ್ನರ ಬೆವರು. ಲಂಡನ್ನಿನ ಕಟ್ಟೆಯಲ್ಲಿ ಇಳಿಯುತ್ತಿದ್ದ ಆ ಮೂಟೆಗಳ ಹಣದಿಂದಲೇ ಬಾಲಕ ಹೆನ್ರಿಯ ಶಿಕ್ಷಣ ನಡೆಯಿತು. ಮುಂದೆ ಆತ ಯಾರ ಪರವಾಗಿ ನಿಂತ ಎಂಬುದನ್ನು ನೆನೆದಾಗ ಈ ಸಂಗತಿಯನ್ನು ಮರೆಯುವ ಹಾಗಿಲ್ಲ.

ಹ್ಯಾರೋ ಶಾಲೆಯಲ್ಲಿ ಓದು, ಶಾಲೆಯ ತಂಡದಲ್ಲಿ ಕ್ರಿಕೆಟ್, ಆಮೇಲೆ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜು. ವಿದ್ಯಾರ್ಥಿ ಸಂಘದ ಚರ್ಚೆಗಳಲ್ಲಿ ಹೆಸರು ಮಾಡಿದ ಈ ಚೆಲುವ ತರುಣ ರಾಜಕೀಯಕ್ಕೆ ಹೋಗುತ್ತಾನೆಂದೇ ಎಲ್ಲರೂ ಎಣಿಸಿದ್ದರು. ಮುಂದೆ ನಾಲ್ಕು ಸಲ ಪ್ರಧಾನಿಯಾದ ಗ್ಲಾಡ್‌ಸ್ಟನ್ ಆಗಿನ ಗೆಳೆಯರು. 1830ರಲ್ಲಿ ಮ್ಯಾನಿಂಗ್ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರು. ಮರುವರ್ಷವೇ ತಂದೆಯ ವ್ಯಾಪಾರ ದಿವಾಳಿಯಾಯಿತು. ರಾಜಕೀಯದ ಬಾಗಿಲು ಹಣವಿಲ್ಲದವನಿಗೆ ಆ ಕಾಲದಲ್ಲಿ ತೆರೆಯುತ್ತಿರಲಿಲ್ಲ. ವಸಾಹತು ಇಲಾಖೆಯಲ್ಲಿ ಸ್ವಲ್ಪ ಕಾಲ ಗುಮಾಸ್ತೆಯ ಕೆಲಸ ಮಾಡಿ, 1832ರಲ್ಲಿ ಆಂಗ್ಲಿಕನ್ ಸಭೆಯ ಪಾದ್ರಿಯಾದರು.

ಸಸೆಕ್ಸ್ ಪ್ರಾಂತದ ಗುಡ್ಡಗಳ ಬುಡದಲ್ಲಿರುವ ಲ್ಯಾವಿಂಗ್ಟನ್ ಎಂಬ ಹಳ್ಳಿ ಅವರ ಪಾಲಿಗೆ ಬಂತು. ಕುರುಬರು, ಹೊಲದಾಳುಗಳು, ಅವರ ಗುಡಿಸಲುಗಳು. ಆಕ್ಸ್‌ಫರ್ಡಿನ ಪದವೀಧರನಿಗೆ ಬಡತನದ ಮೊದಲ ಪರಿಚಯ ಅಲ್ಲಿಯೇ ಆಯಿತು. 1833ರ ನವೆಂಬರಿನಲ್ಲಿ ಅಲ್ಲಿನ ಪಾದ್ರಿ ಕುಟುಂಬದ ಮಗಳು ಕ್ಯಾರೊಲಿನ್ ಸಾರ್ಜೆಂಟ್ ಅವರನ್ನು ಮದುವೆಯಾದರು. ನಾಲ್ಕು ವರ್ಷ ತುಂಬುವ ಮೊದಲೇ, 1837ರ ಜುಲೈಯಲ್ಲಿ, ಆಕೆ ಕ್ಷಯದಿಂದ ತೀರಿಕೊಂಡರು. ಮಕ್ಕಳಿರಲಿಲ್ಲ. ಆ ಬಳಿಕ ಅರ್ಧ ಶತಮಾನಕ್ಕೂ ಮಿಕ್ಕಿ ಬದುಕಿದ ಮ್ಯಾನಿಂಗ್ ಆಕೆಯ ಹೆಸರನ್ನು ಇತರರ ಮುಂದೆ ಎತ್ತಿದ್ದು ತೀರ ವಿರಳ. ಆದರೆ ಆಕೆ ಪ್ರಾರ್ಥನೆಗಳನ್ನು ಬರೆದಿಟ್ಟಿದ್ದ ಪುಟ್ಟ ಪುಸ್ತಕವನ್ನು ಅವರು ಕೊನೆಯವರೆಗೂ ಬಳಿಯಲ್ಲೇ ಇಟ್ಟುಕೊಂಡಿದ್ದು, ಮರಣಶಯ್ಯೆಯಲ್ಲಿ ಅದನ್ನು ತಮ್ಮ ಉತ್ತರಾಧಿಕಾರಿಯ ಕೈಗೆ ಒಪ್ಪಿಸಿದರೆಂದು ಹೇಳುತ್ತಾರೆ.

1840ರಲ್ಲಿ ಚಿಚೆಸ್ಟರಿನ ಆರ್ಚ್‌ಡೀಕನ್ ಪದವಿ ಬಂತು. ಇನ್ನು ಕೆಲವು ವರ್ಷ ಕಾದಿದ್ದರೆ ಬಿಷಪ್ ಆಗುವುದು ಖಚಿತವಿತ್ತು. ಆದರೆ ಧರ್ಮಬೋಧನೆಯ ವಿಷಯದಲ್ಲಿ ಕೊನೆಯ ತೀರ್ಪು ಕೊಡುವವರು ಯಾರು, ಸಭೆಯೋ ಸರ್ಕಾರವೋ ಎಂಬ ಪ್ರಶ್ನೆ ಅವರನ್ನು ವರ್ಷಗಟ್ಟಲೆ ಕಾಡಿತು. 1850ರಲ್ಲಿ ಗೋರಮ್ ಎಂಬ ಪಾದ್ರಿಯ ಮೊಕದ್ದಮೆಯಲ್ಲಿ ಸರ್ಕಾರದ ಪ್ರಿವಿ ಕೌನ್ಸಿಲ್ ಬಿಷಪರ ನಿರ್ಣಯವನ್ನು ತಳ್ಳಿಹಾಕಿದಾಗ ಮ್ಯಾನಿಂಗ್ ಅವರ ಮನಸ್ಸು ಗಟ್ಟಿಯಾಯಿತು. 1851ರ ಏಪ್ರಿಲ್ 6ರಂದು ಅವರು ಕಥೋಲಿಕ ಸಭೆಯನ್ನು ಸೇರಿದರು. ಆ ಕಾಲದ ಇಂಗ್ಲೆಂಡಿನಲ್ಲಿ ಹೀಗೆ ಮಾಡುವುದೆಂದರೆ ಗೆಳೆಯರನ್ನು, ನಂಟರನ್ನು, ವರಮಾನವನ್ನು ಒಟ್ಟಿಗೆ ಕಳೆದುಕೊಳ್ಳುವುದು. ಗ್ಲಾಡ್‌ಸ್ಟನ್ ಜೊತೆಗಿನ ಸ್ನೇಹ ಹತ್ತಾರು ವರ್ಷ ಮುರಿದುಬಿತ್ತು.

ಕಥೋಲಿಕ ಸಭೆಯಲ್ಲಿ ಅವರ ಏಳಿಗೆ ಬಲು ಬೇಗ ಆಯಿತು. ಎರಡೇ ತಿಂಗಳಿಗೆ ಗುರುದೀಕ್ಷೆ. 1865ರಲ್ಲಿ ಕಾರ್ಡಿನಲ್ ವೈಸ್‌ಮನ್ ತೀರಿಕೊಂಡಾಗ ಇಲ್ಲಿನ ಹಿರಿಯ ಗುರುಗಳು ರೋಮಿಗೆ ಕಳಿಸಿದ ಮೂರು ಹೆಸರುಗಳನ್ನೂ ಬದಿಗಿಟ್ಟು ಪೋಪ್ ಒಂಬತ್ತನೆಯ ಪಯಸ್ ಅವರು ಮ್ಯಾನಿಂಗ್ ಅವರನ್ನು ವೆಸ್ಟ್‌ಮಿನ್‌ಸ್ಟರಿನ ಮಹಾಧರ್ಮಾಧ್ಯಕ್ಷರನ್ನಾಗಿ ಮಾಡಿದರು. ಕಾರ್ಡಿನಲ್ ಪದವಿ 1875ರಲ್ಲಿ ಬಂತು.

ಮ್ಯಾನಿಂಗ್ ಎಲ್ಲರಿಗೂ ಪ್ರಿಯರಾದವರಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಅಧಿಕಾರದ ಆಸೆ ಅವರಲ್ಲಿ ಇರಲಿಲ್ಲವೆಂದರೆ ಅವರ ದಿನಚರಿಯೇ ಒಪ್ಪುವುದಿಲ್ಲ. ತಮ್ಮಂತೆಯೇ ಆಂಗ್ಲಿಕನ್ ಸಭೆಯಿಂದ ಬಂದ ಮಹಾವಿದ್ವಾಂಸ ಜಾನ್ ಹೆನ್ರಿ ನ್ಯೂಮನ್ ಅವರೊಡನೆ ಕೊನೆಯವರೆಗೂ ಸರಿಬರಲಿಲ್ಲ. ಕಥೋಲಿಕ ಹುಡುಗರು ಆಕ್ಸ್‌ಫರ್ಡಿಗೆ ಹೋಗಬಾರದೆಂದು ಹಟ ಹಿಡಿದರು. ಬದಲಿಗೆ ಕೆನ್ಸಿಂಗ್ಟನ್ನಿನಲ್ಲಿ ತಾವೇ ತೆರೆಸಿದ ಕಾಲೇಜು ಕೆಲವೇ ವರ್ಷಗಳಲ್ಲಿ ಕುಸಿಯಿತು. 1870ರ ವ್ಯಾಟಿಕನ್ ಮಹಾಸಭೆಯಲ್ಲಿ ಪೋಪರ ಅಧಿಕಾರವನ್ನು ಎತ್ತಿಹಿಡಿಯಲು ಅವರು ಓಡಾಡಿದ ರೀತಿ ಹಲವರಿಗೆ ಹಿಡಿಸಲಿಲ್ಲ. ಕಟ್ಟುನಿಟ್ಟು, ಬಿಗುಮಾನ, ಉಪವಾಸದಿಂದ ಬತ್ತಿದ ಮುಖ. ಇಷ್ಟನ್ನೇ ನೋಡಿದವರಿಗೆ ಈತ ಕೂಲಿಗಳ ಗೆಳೆಯನಾದಾನೆಂದು ಊಹಿಸಲೂ ಆಗುತ್ತಿರಲಿಲ್ಲ.

ಆದರೆ ಅವರ ಸಭೆಯ ಜನ ಯಾರು? ಇಂಗ್ಲೆಂಡಿನ ಹಳೆಯ ಕಥೋಲಿಕ ಶ್ರೀಮಂತ ಮನೆತನಗಳು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಐರ್ಲೆಂಡಿನಿಂದ ಬಂದವರು. 1840ರ ದಶಕದ ಆಲೂಗಡ್ಡೆ ಕ್ಷಾಮದಲ್ಲಿ ಹೊಟ್ಟೆಗಿಲ್ಲದೆ ಹಡಗು ಹತ್ತಿ ಬಂದು ಲಿವರ್‌ಪೂಲಿನಲ್ಲಿ, ಲಂಡನ್ನಿನ ಈಸ್ಟ್ ಎಂಡಿನಲ್ಲಿ ಇಳಿದವರು, ಅವರ ಮಕ್ಕಳು, ಮೊಮ್ಮಕ್ಕಳು. ರೈಲು ಹಾದಿ ಅಗೆದವರು, ಇಟ್ಟಿಗೆ ಹೊತ್ತವರು, ಹಡಗಿನ ಮೂಟೆ ಇಳಿಸಿದವರು. ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ. ಪರದೇಶದಲ್ಲಿ ಗೂಡು ಕಟ್ಟಿಕೊಳ್ಳುವುದು ಎಂದರೇನೆಂಬುದು ನಮಗೂ ಗೊತ್ತು. ಆದರೆ ಓದು, ಪದವಿ, ವೀಸಾ ಕೈಯಲ್ಲಿ ಹಿಡಿದು ಬಂದ ನಮ್ಮ ಪ್ರಯಾಣಕ್ಕೂ ಅವರದಕ್ಕೂ ಹೋಲಿಕೆ ಸಲ್ಲದು.

ಹಿಂದಿನ ಮಹಾಧರ್ಮಾಧ್ಯಕ್ಷರ ನೆನಪಿಗೆ ಒಂದು ಭವ್ಯ ಕೆಥೀಡ್ರಲ್ ಕಟ್ಟಬೇಕೆಂಬ ಒತ್ತಾಯ ಎಲ್ಲ ಕಡೆಯಿಂದ ಬರುತ್ತಿತ್ತು. ಮ್ಯಾನಿಂಗ್ ನಿವೇಶನವನ್ನೇನೋ ಕೊಂಡಿಟ್ಟರು. ಆದರೆ ಬೀದಿಯಲ್ಲಿ ಅಲೆಯುವ, ಅನಾಥಾಲಯಗಳಲ್ಲಿ ಕೊಳೆಯುವ ಬಡ ಕಥೋಲಿಕ ಮಕ್ಕಳಿಗೆ ಶಾಲೆ ಆಗುವ ತನಕ ಕಲ್ಲಿನ ಮೇಲೆ ಕಲ್ಲು ಇಡುವುದಿಲ್ಲವೆಂದು ನಿಂತರು. 1866ರಲ್ಲಿ ಶಾಲೆಗಳಿಗಾಗಿ ನಿಧಿ ತೆರೆದರು. ವೆಸ್ಟ್‌ಮಿನ್‌ಸ್ಟರ್ ಕೆಥೀಡ್ರಲಿನ ಕಟ್ಟಡ ಅವರ ಜೀವಮಾನದಲ್ಲಿ ಆರಂಭವಾಗಲೇ ಇಲ್ಲ. ತಾವು ಮಾತ್ರ ವಿಕ್ಟೋರಿಯಾ ನಿಲ್ದಾಣದ ಬಳಿಯ ಕಾರ್ಲೈಲ್ ಪ್ಲೇಸಿನಲ್ಲಿ, ಹಿಂದೆ ಕಾವಲು ದಳದ ಸೈನಿಕರ ಕ್ಲಬ್ಬಾಗಿದ್ದ ಒಂದು ಬೋಳು ಕಟ್ಟಡದಲ್ಲಿ ಉಳಿದರು. ಕುಡಿತ ಕೂಲಿಗಳ ಸಂಸಾರವನ್ನು ತಿನ್ನುತ್ತಿದ್ದುದನ್ನು ಕಂಡು ಪಾನನಿರೋಧದ ಸಂಘ ಕಟ್ಟಿದರು. ಪರರಿಗೆ ಹೇಳುವ ಮೊದಲು ತಾವೇ ಪ್ರತಿಜ್ಞೆ ತೊಟ್ಟರು.

ದುಡಿಮೆಯನ್ನು ಕುರಿತ ಅವರ ವಿಚಾರವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ಕ್ರೈಸ್ತ ಧರ್ಮದಲ್ಲಿ ಕೈಕೆಲಸಕ್ಕೆ ಗೌರವ ಹೊಸದಲ್ಲ. ಯೇಸು ಬೆಳೆದದ್ದು ನಜರೇತಿನ ಬಡಗಿಯ ಮನೆಯಲ್ಲಿ. ಸಂತ ಪೌಲರು ಗುಡಾರ ಹೊಲಿದು ಹೊಟ್ಟೆ ಹೊರೆದವರು. ಆರನೆಯ ಶತಮಾನದ ಸಂತ ಬೆನೆಡಿಕ್ಟರು ತಮ್ಮ ಮಠದ ಸನ್ಯಾಸಿಗಳಿಗೆ ಪ್ರಾರ್ಥನೆಯ ಜೊತೆಗೆ ದಿನವೂ ಮೈಮುರಿದು ಮಾಡುವ ಕೆಲಸವನ್ನೂ ಕಡ್ಡಾಯ ಮಾಡಿದ್ದರು. ಕನ್ನಡಿಗರಾದ ನಮಗೆ ಇದನ್ನು ಓದುವಾಗ ಕಲ್ಯಾಣದ ಶರಣರು, ಅವರ ಕಾಯಕ, ಅಕ್ಕಿ ಆಯ್ದು ಬದುಕಿದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ನೆನಪಾಗದಿರಲು ಸಾಧ್ಯವೇ ಇಲ್ಲ. ಎರಡೂ ಬೇರೆ ಬೇರೆ ಬೇರುಗಳಿಂದ ಬಂದವು. ಸೇರಿಸಿ ಕಟ್ಟುವ ಉದ್ದೇಶ ನಮಗಿಲ್ಲ.

ಆದರೆ ಹತ್ತೊಂಬತ್ತನೆಯ ಶತಮಾನದ ಕಾರ್ಖಾನೆಯ ಯುಗದಲ್ಲಿ ಈ ಗೌರವ ಪ್ರವಚನಕ್ಕಷ್ಟೇ ಉಳಿದಿತ್ತು. ಬಡವನಿಗೆ ತಾಳ್ಮೆ, ಸಿರಿವಂತನಿಗೆ ದಾನ. ಚರ್ಚುಗಳು ಸಾಮಾನ್ಯವಾಗಿ ಹೇಳುತ್ತಿದ್ದದ್ದು ಇಷ್ಟನ್ನೇ. ಕೂಲಿ ಎಷ್ಟು ಎಂಬುದು ಮಾರುಕಟ್ಟೆಯ ವಿಷಯ, ಅದರಲ್ಲಿ ದೇವರ ಮಾತಿಗೆ ಏನು ಕೆಲಸ ಎಂದು ಅರ್ಥಶಾಸ್ತ್ರಜ್ಞರು ಕೇಳುತ್ತಿದ್ದರು. ಮ್ಯಾನಿಂಗ್ ಈ ಗೆರೆಯನ್ನು ದಾಟಿದರು. 1872ರ ಡಿಸೆಂಬರಿನಲ್ಲಿ, ಜೋಸೆಫ್ ಆರ್ಚ್ ಎಂಬಾತ ಕಟ್ಟಿದ ಹೊಲದಾಳುಗಳ ಸಂಘಕ್ಕೆ ಬೆಂಬಲ ಕೊಡಲು ಲಂಡನ್ನಿನ ಎಕ್ಸೆಟರ್ ಹಾಲಿನಲ್ಲಿ ನಡೆದ ಸಭೆಯ ವೇದಿಕೆಯ ಮೇಲೆ ಅವರು ಹೋಗಿ ಕುಳಿತರು. ಅದು ಪ್ರೊಟೆಸ್ಟೆಂಟರ ಸಭೆಗಳಿಗೆ ಹೆಸರಾದ ಹಾಲು. ಜಮೀನುದಾರ ಕಥೋಲಿಕರಿಗೆ ಅದು ನುಂಗಲಾರದ ತುತ್ತಾಯಿತು. ಆದರೆ ಲ್ಯಾವಿಂಗ್ಟನ್ನಿನ ಗುಡಿಸಲುಗಳನ್ನು ಹೊಕ್ಕು ಬಂದವರಿಗೆ ಆ ಆಳುಗಳು ಅಪರಿಚಿತರಾಗಿರಲಿಲ್ಲ.

1874ರ ಜನವರಿಯಲ್ಲಿ ಲೀಡ್ಸ್ ನಗರದ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟಿನಲ್ಲಿ ಶ್ರಮದ ಘನತೆ ಮತ್ತು ಹಕ್ಕುಗಳು ಎಂಬ ವಿಷಯವಾಗಿ ಅವರು ಮಾಡಿದ ಭಾಷಣ ಪುಸ್ತಿಕೆಯಾಗಿ ಅಚ್ಚಾಯಿತು. ಅದರ ಸಾರ ಹೀಗಿದೆ. ದೇಶದ ಸಂಪತ್ತಿನ ಮೂಲ ದುಡಿಮೆ. ಮನುಷ್ಯನ ತೋಳಿನ ಬಲ, ಕೈಯ ಚಳಕ ಅವನ ಸ್ವಂತ ಆಸ್ತಿ. ಸಾಹುಕಾರನ ಪೆಟ್ಟಿಗೆಯಲ್ಲಿರುವ ಚಿನ್ನ ಹೇಗೆ ಬಂಡವಾಳವೋ ಹಾಗೆಯೇ ಅದೂ ಬಂಡವಾಳ. ಅಂದ ಮೇಲೆ ಅದನ್ನು ಯಾರಿಗೆ ಕೊಡಬೇಕು, ಎಷ್ಟಕ್ಕೆ ಕೊಡಬೇಕು, ಕೊಡುವುದೇ ಬೇಡವೇ ಎಂದು ತೀರ್ಮಾನಿಸುವ ಹಕ್ಕು ಅವನದು. ಒಬ್ಬನೇ ನಿಂತರೆ ಸೋಲುವವನು ಇತರರೊಡನೆ ಸೇರಿ ಸಂಘ ಕಟ್ಟುವ ಹಕ್ಕೂ ಅವನದೇ. ಕೊನೆಯಲ್ಲಿ ಅವರು ಎತ್ತಿದ್ದು ಮನೆಯ ಪ್ರಶ್ನೆ. ತಂದೆ ನಸುಕಿನಲ್ಲಿ ಹೋಗಿ ಕತ್ತಲಾದ ಮೇಲೆ ಬಂದು ಪಶುವಿನಂತೆ ಮಲಗುವುದಾದರೆ, ತಾಯಂದಿರು ಮಗುವನ್ನು ಬಿಟ್ಟು ಗಿರಣಿಗೆ ಹೋಗಬೇಕಾದರೆ, ಅದು ಸಂಸಾರವೇ ಅಲ್ಲ. ಅಂಥ ದುಡಿತದಿಂದ ಬಂದ ಲಾಭ ಎಷ್ಟೇ ದೊಡ್ಡದಾದರೂ ದೇಶಕ್ಕೆ ನಷ್ಟವೇ. ಅದಕ್ಕಾಗಿ ದುಡಿಮೆಯ ಗಂಟೆಗಳಿಗೆ ಕಾನೂನು ಮಿತಿ ಹಾಕಬೇಕೆಂಬುದು ಅವರ ವಾದ. ತೋಳಿನ ಬಲವೂ ಆಸ್ತಿ ಎಂಬ ಒಂದು ಮಾತಿನಲ್ಲಿ ಅವರು ಆಸ್ತಿವಂತರ ಆಯುಧವನ್ನೇ ಕೂಲಿಯವನ ಕೈಗೆ ಕೊಟ್ಟಿದ್ದರು.

ಆಮೇಲಿನ ವರ್ಷಗಳಲ್ಲಿ ಅವರು ಇದೇ ದಾರಿಯಲ್ಲಿ ನಡೆದರು. 1884ರಲ್ಲಿ ದುಡಿಯುವ ವರ್ಗದ ವಸತಿಯ ಬಗ್ಗೆ ನೇಮಕವಾದ ರಾಯಲ್ ಕಮಿಷನ್ನಿನಲ್ಲಿ ಸದಸ್ಯರಾದರು. ಪಟ್ಟಿಯಲ್ಲಿ ಯುವರಾಜರ ಹೆಸರಿನ ನಂತರ ಇವರದೇ ಹೆಸರು ಬಂದದ್ದು ಕೆಲವು ಗಣ್ಯರ ಹುಬ್ಬೇರಿಸಿತು! ಅಮೆರಿಕದಲ್ಲಿ ನೈಟ್ಸ್ ಆಫ್ ಲೇಬರ್ ಎಂಬ ದೊಡ್ಡ ಕಾರ್ಮಿಕ ಸಂಘಟನೆಯನ್ನು ರೋಮ್ ನಿಷೇಧಿಸುವ ಭಯವಿದ್ದಾಗ, 1887ರಲ್ಲಿ ಬಾಲ್ಟಿಮೋರಿನ ಕಾರ್ಡಿನಲ್ ಗಿಬ್ಬನ್ಸ್ ಅದರ ಪರವಾಗಿ ವಾದಿಸಿದರು. ಇವರು ಅವರ ಬೆನ್ನಿಗೆ ನಿಂತರು. ನಿಷೇಧ ಬರಲಿಲ್ಲ. 1887–88ರ ಚಳಿಗಾಲದಲ್ಲಿ ಬರೆದ ಲೇಖನದಲ್ಲಿ, ಹಸಿವಿನಿಂದ ಸಾಯುತ್ತಿರುವವನಿಗೆ ನೆರೆಯವನ ರೊಟ್ಟಿಯ ಮೇಲೆ ಸಹಜವಾದ ಹಕ್ಕಿದೆ ಎಂದು ವಾದಿಸಿದಾಗ ಟೈಮ್ಸ್ ಪತ್ರಿಕೆ ಅವರ ಮೇಲೆ ಹರಿಹಾಯ್ದಿತು. ಅದು ಅವರು ಹೊಸದಾಗಿ ಕಟ್ಟಿದ ಮಾತಲ್ಲ, ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರ ಬೋಧನೆ. ಸಮಾಜವಾದಿ ಎಂಬ ಬೈಗುಳ ಮಾತ್ರ ಕಾರ್ಡಿನಲ್ಲರ ಪಾಲಿಗೆ ಬಂತು.

ಇನ್ನು ಬಂದರಿಗೆ ಬರೋಣ.

ಆ ಕಾಲದ ಡಾಕ್ ಕೂಲಿಗೆ ಕೆಲಸವೆಂಬುದು ದಿನಕ್ಕೂ ಗ್ಯಾರಂಟಿ ಇರಲಿಲ್ಲ, ಗಂಟೆಯ ಲೆಕ್ಕ. ಬೆಳಗ್ಗೆ ಕಟ್ಟೆಯ ಗೇಟಿನ ಮುಂದೆ ನೂರಾರು ಗಂಡಸರು ಸೇರುತ್ತಿದ್ದರು. ಮೇಸ್ತ್ರಿ ಬಂದು ತನಗೆ ಬೇಕಾದವರನ್ನು ಕರೆಯುತ್ತಿದ್ದ. ಅವನ ಕಣ್ಣಿಗೆ ಬೀಳಲು ಒಬ್ಬರ ಮೇಲೊಬ್ಬರು ಬಿದ್ದು, ತುಳಿದು, ಅಂಗಿ ಹರಿದುಕೊಂಡು ನುಗ್ಗಾಟ. ಆಯ್ಕೆಯಾದವನಿಗೂ ಎರಡು ಗಂಟೆಯ ಕೆಲಸ ಮಾಡಿಸಿ ಹತ್ತು ಪೆನ್ಸ್ ಕೊಟ್ಟು ಹೊರಗಟ್ಟುವುದು ಸಾಮಾನ್ಯವಾಗಿತ್ತು. ಉಳಿದವರು ಮಧ್ಯಾಹ್ನದ ಕರೆಗಾಗಿ ಅಲ್ಲೇ ಗೋಡೆಗೆ ಒರಗಿ ಕಾಯಬೇಕು. ಜಗತ್ತಿನ ಚಹಾ, ಸಕ್ಕರೆ, ಮಾಂಸ ಆ ಕಟ್ಟೆಯಲ್ಲಿ ಇಳಿಯುತ್ತಿತ್ತು, ಇಳಿಸುವವನ ಹೊಟ್ಟೆ ಖಾಲಿ.

1889ರ ಆಗಸ್ಟಿನಲ್ಲಿ ಲೇಡಿ ಆರ್ಮ್‌ಸ್ಟ್ರಾಂಗ್ ಎಂಬ ಹಡಗಿನ ಸರಕು ಇಳಿಸುವಾಗ ಇನಾಮಿನ ಹಣದ ಬಗ್ಗೆ ಜಗಳವಾಗಿ, 14ರಂದು ಮುಷ್ಕರ ಆರಂಭವಾಯಿತು. ಬೆನ್ ಟಿಲೆಟ್, ಟಾಮ್ ಮನ್, ಜಾನ್ ಬರ್ನ್ಸ್ ಮುಂದಾಳುಗಳು. ಬೇಡಿಕೆಗಳು ಸರಳ: ಗಂಟೆಗೆ ಆರು ಪೆನ್ಸ್, ಹೊತ್ತು ಮೀರಿದ ಕೆಲಸಕ್ಕೆ ಎಂಟು ಪೆನ್ಸ್, ಒಮ್ಮೆ ಕರೆದರೆ ಕನಿಷ್ಠ ನಾಲ್ಕು ಗಂಟೆಯ ಕೆಲಸ. ಕೆಲವೇ ದಿನಗಳಲ್ಲಿ ನುರಿತ ಹಮಾಲರು, ದೋಣಿಯವರು, ಗಾಡಿಯವರು ಎಲ್ಲ ಸೇರಿ ಲಕ್ಷಕ್ಕೂ ಮೀರಿದ ಜನ ಕೆಲಸ ನಿಲ್ಲಿಸಿದರು. ದಿನವೂ ಮೆರವಣಿಗೆ. ತಮ್ಮ ಮನೆಯ ಊಟ ಎಂಥದೆಂದು ತೋರಿಸಲು ಕೋಲಿನ ತುದಿಗೆ ಮೀನಿನ ತಲೆ, ಈರುಳ್ಳಿ ಸಿಕ್ಕಿಸಿಕೊಂಡು ಅವರು ಸಿಟಿಯ ಬ್ಯಾಂಕುಗಳ ಮುಂದೆ ನಡೆದರು. ಇಷ್ಟಾದರೂ ಕಲ್ಲು ತೂರಾಟವಿಲ್ಲ, ಲೂಟಿಯಿಲ್ಲ. ಲಂಡನ್ನಿನ ಮಧ್ಯಮ ವರ್ಗದವರ ಮನಸ್ಸು ಕರಗಿದ್ದು ಈ ಶಿಸ್ತಿನಿಂದಲೇ. ನಿಧಿ ಬರಿದಾಗುತ್ತಾ ಬಂದಾಗ ಆಸ್ಟ್ರೇಲಿಯದಿಂದ 30,000 ಪೌಂಡಿಗೂ ಹೆಚ್ಚು ನೆರವು ಬಂತು.

ಕಂಪನಿಗಳ ಡೈರೆಕ್ಟರುಗಳು ಮಣಿಯಲಿಲ್ಲ. ಹಸಿವು ತಾನೇ ಇವರನ್ನು ಗೇಟಿಗೆ ತರುತ್ತದೆ ಎಂದು ಕಾದರು. ಮ್ಯಾನಿಂಗ್ ಮೊದಲು ಡೈರೆಕ್ಟರುಗಳ ಬಳಿ ಹೋದರು. ಅಲ್ಲಿ ಕೆಲಸ ಆಗಲಿಲ್ಲ. ಸೆಪ್ಟೆಂಬರ್ ಮೊದಲ ವಾರ ಲಾರ್ಡ್ ಮೇಯರ್ ಅವರ ಮ್ಯಾನ್ಷನ್ ಹೌಸಿನಲ್ಲಿ ಸಂಧಾನದ ಸಮಿತಿ ಕೂಡಿತು. ಮೇಯರ್, ಲಂಡನ್ನಿನ ಆಂಗ್ಲಿಕನ್ ಬಿಷಪ್ ಟೆಂಪಲ್, ಪಾಪ್ಲರಿನ ಪಾರ್ಲಿಮೆಂಟ್ ಸದಸ್ಯ ಸಿಡ್ನಿ ಬಕ್ಸ್‌ಟನ್, ಇವರ ಜೊತೆಗೆ ನಮ್ಮ ಕಾರ್ಡಿನಲ್. ಆರು ಪೆನ್ಸ್ ಕೊಡಲು ಕಂಪನಿಗಳು ಒಪ್ಪಿದವು, ಆದರೆ ಹೊಸ ವರ್ಷದ ಜನವರಿಯಿಂದ ಮಾತ್ರ. ಅಷ್ಟು ದೂರದ ಮಾತಿಗೆ ಮುಷ್ಕರದ ಸಮಿತಿ ಒಪ್ಪಲಿಲ್ಲ. ಮಾತು ಮುರಿಯಿತು. ಬಿಷಪ್ ಟೆಂಪಲ್ ಬೇಸತ್ತು ತಮ್ಮ ರಜೆಗೆ ಮರಳಿದರು. ಮ್ಯಾನಿಂಗ್ ಹೋಗಲಿಲ್ಲ. ವಯಸ್ಸಾದವರಿಗೆ ರಜೆಯ ನೆಪ ಇನ್ನೂ ಸುಲಭವಾಗಿ ಸಿಗುತ್ತಿತ್ತು ಎಂಬುದನ್ನು ಗಮನಿಸಬೇಕು.

ಸೆಪ್ಟೆಂಬರ್ 10ರ ಸಂಜೆ ಅವರು ಬಕ್ಸ್‌ಟನ್ನರೊಡನೆ ಪಾಪ್ಲರಿನ ಒಂದು ಕಥೋಲಿಕ ಶಾಲೆಗೆ ಹೋದರು. ಮುಷ್ಕರದ ಸಮಿತಿಯವರು ಅಲ್ಲಿ ಕೂಡಿದ್ದರು. ಮಕ್ಕಳ ಬೆಂಚುಗಳ ಮೇಲೆ ಕುಳಿತ ದಪ್ಪ ತೋಳಿನ ಗಂಡಸರು, ಎದುರಿಗೆ ಕಡ್ಡಿಯಂಥ ಮುದುಕರು. ಸಭೆ ಗಂಟೆಗಟ್ಟಲೆ ನಡೆಯಿತು. ಜನವರಿಯೂ ಬೇಡ, ಕೂಡಲೇ ಎಂಬ ಹಟವೂ ಬೇಡ, ನವೆಂಬರ್ 4ರಿಂದ ಹೊಸ ಕೂಲಿ ಎಂಬುದು ಅವರು ಮುಂದಿಟ್ಟ ಸೂತ್ರ. ಎದುರಿದ್ದವರಲ್ಲಿ ಅನೇಕರು ಅವರ ಮತದವರಲ್ಲ, ಕೆಲವರು ದೇವರನ್ನೇ ನಂಬದವರು. ಕೊನೆಗೆ ಅವರು ಮಾತಾಡಿದ್ದು ಈ ಗಂಡಸರ ಮನೆಗಳ ಬಗ್ಗೆ. ಐದನೆಯ ವಾರಕ್ಕೆ ಬಿದ್ದ ಉಪವಾಸದಲ್ಲಿ ಮೊದಲು ಬಾಡುವವರು ಹೆಂಡತಿ ಮಕ್ಕಳು ಎಂಬುದನ್ನು ನೆನಪಿಸಿದರು. ಅವರು ನಿಂತಿದ್ದ ಜಾಗದ ಮೇಲ್ಗಡೆ ಮಾತೆ ಮರಿಯಮ್ಮ ಮತ್ತು ಬಾಲಯೇಸುವಿನ ಕೆತ್ತನೆಯೊಂದಿತ್ತಂತೆ. ಆ ಗಳಿಗೆಯಲ್ಲಿ ಅದರ ಸುತ್ತ ಬೆಳಕು ಕಂಡಂತಾಯಿತೆಂದು ಅಲ್ಲಿದ್ದ ಕೂಲಿಗಳು ಹೇಳಿಕೊಂಡರಂತೆ. ಬೆಳಕಿನ ಮಾತು ಹೇಗಾದರೂ ಇರಲಿ, ಸಮಿತಿ ಒಪ್ಪಿತು. ಕಂಪನಿಗಳನ್ನು ಒಪ್ಪಿಸಲು ಮತ್ತೆ ನಾಲ್ಕು ದಿನ ಹಿಡಿಯಿತು. ಸೆಪ್ಟೆಂಬರ್ 14ರಂದು ಒಪ್ಪಂದವಾಗಿ 16ರಂದು ಕಟ್ಟೆಯಲ್ಲಿ ಮತ್ತೆ ಕೆಲಸ ಆರಂಭವಾಯಿತು.

ಯಾವ ಕಟ್ಟೆಯ ಸಕ್ಕರೆಯಿಂದ ಮ್ಯಾನಿಂಗ್ ಮನೆತನ ಬೆಳೆದಿತ್ತೋ ಅದೇ ಕಟ್ಟೆ. ಈ ಸಂಗತಿ ಅವರ ಮನಸ್ಸಿನಲ್ಲಿ ಎಷ್ಟು ಕೊರೆಯುತ್ತಿತ್ತೋ ತಿಳಿಯದು, ನಮ್ಮ ಮನಸ್ಸಿನಲ್ಲಂತೂ ಉಳಿಯುತ್ತದೆ.

ಈ ಸುದ್ದಿಯನ್ನು ಪತ್ರಿಕೆಯಲ್ಲಿ ಓದುತ್ತಿದ್ದವರಲ್ಲಿ, ಹಿಂದಿನ ವರ್ಷವಷ್ಟೇ ಬಾರಿಸ್ಟರ್ ಓದಲು ಲಂಡನ್ನಿಗೆ ಬಂದಿದ್ದ ಇಪ್ಪತ್ತರ ಒಬ್ಬ ಗುಜರಾತಿ ತರುಣನಿದ್ದ. ಹೆಸರು ಮೋಹನದಾಸ ಕರಮಚಂದ ಗಾಂಧಿ. ಆಗ ಲಂಡನ್ನಿನಲ್ಲಿದ್ದ ನಾರಾಯಣ ಹೇಮಚಂದ್ರ ಎಂಬ ಗುಜರಾತಿ ಲೇಖಕರು ಇವರ ಗೆಳೆಯರು. ಇಂಗ್ಲಿಷು ಅಷ್ಟಕ್ಕಷ್ಟೇ, ಉಡುಪು ಸಾದಾ, ದೊಡ್ಡವರನ್ನು ಕಂಡು ಬರಬೇಕೆಂಬ ಹಂಬಲ ಮಾತ್ರ ಅಪಾರ. ಬಂದರಿನ ಬಡವರಿಗೆ ನ್ಯಾಯ ಕೊಡಿಸಿದ ಈ ಹಿರಿಯರನ್ನು ನೋಡಲೇಬೇಕೆಂದು ಅವರು ಹಟ ಹಿಡಿದರು. ಗಾಂಧಿ ಪತ್ರ ಬರೆದು ಸಮಯ ಕೇಳಿದರು, ಒಪ್ಪಿಗೆ ಬಂತು. ಗಾಂಧಿ ಆ ಕಾಲದ ಪದ್ಧತಿಯಂತೆ ಭೇಟಿಗೆ ತಕ್ಕ ಸೂಟು ತೊಟ್ಟು ಹೊರಟರೆ, ಹೇಮಚಂದ್ರರು ಎಂದಿನ ಕೋಟು, ಎಂದಿನ ಷರಾಯಿಯಲ್ಲೇ ಬಂದರು. ಎತ್ತರದ, ತೆಳ್ಳಗಿನ ಕಾರ್ಡಿನಲ್ ಬಂದು ಇಬ್ಬರ ಕೈ ಕುಲುಕಿದರು. ಹೇಮಚಂದ್ರರು ಗುಜರಾತಿಯಲ್ಲಿ ಕೃತಜ್ಞತೆ ಹೇಳಿದರು, ಗಾಂಧಿ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಕಾರ್ಡಿನಲ್ ಸಂತೋಷ ತಿಳಿಸಿ, ಲಂಡನ್ ವಾಸ ಇಬ್ಬರಿಗೂ ಒಗ್ಗಲೆಂದು ಹಾರೈಸಿ ಆಶೀರ್ವದಿಸಿದರು. ಭೇಟಿ ಕೆಲವೇ ನಿಮಿಷದ್ದು. ಗಾಂಧೀಜಿಯವರು ಅದನ್ನು ಆತ್ಮಕಥೆಯಲ್ಲಿ ಬರೆಯುವಷ್ಟು ನೆನಪಿಟ್ಟುಕೊಂಡರು. 1918ರಲ್ಲಿ ಅಹಮದಾಬಾದಿನ ಗಿರಣಿ ಕಾರ್ಮಿಕರ ಮುಷ್ಕರಕ್ಕೆ ಅವರೇ ಮುಂದಾಳಾದಾಗ ಈ ಮುದುಕರ ನೆನಪು ಬಂದಿತ್ತೇ ಎಂದು ಕೇಳಬೇಕೆನಿಸುತ್ತದೆ.

ಮುಷ್ಕರ ಮುಗಿದ ಎರಡು ವರ್ಷದೊಳಗೆ, 1891ರ ಮೇ 15ರಂದು, ಪೋಪ್ ಹದಿಮೂರನೆಯ ಲಿಯೋ ಅವರು ಕಾರ್ಮಿಕರ ಸ್ಥಿತಿಯನ್ನು ಕುರಿತು ಇಡೀ ಸಭೆಗೆ ಒಂದು ಸುತ್ತೋಲೆ ಬರೆದರು. ಲ್ಯಾಟಿನ್ನಿನ ಮೊದಲ ಎರಡು ಪದಗಳಿಂದ ಅದಕ್ಕೆ ರೇರುಂ ನೊವಾರುಂ ಎಂದು ಹೆಸರು. ಖಾಸಗಿ ಆಸ್ತಿಯನ್ನು ಅದು ಸಮರ್ಥಿಸಿತು, ಸಮಾಜವಾದವನ್ನು ತಿರಸ್ಕರಿಸಿತು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಇಬ್ಬರೂ ಒಪ್ಪಿ ಗೊತ್ತು ಮಾಡಿದ ಕೂಲಿಯೂ ದುಡಿಯುವವನ ಬದುಕಿಗೆ ಸಾಲದಿದ್ದರೆ ಅದು ನ್ಯಾಯವಲ್ಲವೆಂದಿತು. ಸಂಘ ಕಟ್ಟುವುದು ಸಹಜ ಹಕ್ಕೆಂದಿತು. ಬಡವರನ್ನು ಕಾಯುವುದು ಸರ್ಕಾರದ ಹೊಣೆಯೆಂದಿತು. ಮ್ಯಾನಿಂಗ್ ಲೀಡ್ಸಿನಲ್ಲಿ ಹೇಳಿದ ಮಾತುಗಳ ನೆರಳು ಅದರಲ್ಲಿ ಕಾಣುತ್ತದೆ. ಜರ್ಮನಿಯ ಧರ್ಮಾಧ್ಯಕ್ಷ ಕೆಟೆಲರ್, ಅಮೆರಿಕದ ಗಿಬ್ಬನ್ಸ್ ಮುಂತಾದವರ ಚಿಂತನೆಯೂ ಅದರ ಹಿಂದಿತ್ತು. ಆದ್ದರಿಂದ ಶ್ರೇಯಸ್ಸನ್ನೆಲ್ಲ ಒಬ್ಬರಿಗೇ ಕಟ್ಟುವುದು ಸರಿಯಾಗದು. 1955ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವೆಂದು ಸಾರಿದ್ದು, 1981ರಲ್ಲಿ ಎರಡನೆಯ ಜಾನ್ ಪಾಲ್ ಅವರು ಮನುಷ್ಯನ ದುಡಿಮೆಯನ್ನೇ ವಿಷಯ ಮಾಡಿಕೊಂಡು ಮತ್ತೊಂದು ಸುತ್ತೋಲೆ ಬರೆದದ್ದು ಅದೇ ಹಾದಿಯ ಮುಂದಿನ ಮೈಲಿಗಲ್ಲುಗಳು.

ಕಾರ್ಡಿನಲ್ ಅದನ್ನು ಕಂಡ ಮೇಲೆ ಹೆಚ್ಚು ದಿನ ಉಳಿಯಲಿಲ್ಲ. 1892ರ ಜನವರಿ 14ರ ಬೆಳಗ್ಗೆ ತೀರಿಕೊಂಡರು. ಹೇಳಿಕೊಳ್ಳುವಂಥ ಆಸ್ತಿ ಏನೂ ಇರಲಿಲ್ಲ. ಅದೇ ದಿನ ರಾಣಿ ವಿಕ್ಟೋರಿಯಾ ಅವರ ಮೊಮ್ಮಗ, ಮುಂದೆ ಪಟ್ಟಕ್ಕೆ ಬರಬೇಕಿದ್ದ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಕೂಡ ತೀರಿಕೊಂಡರು. ದೇಶವೆಲ್ಲ ಅರಮನೆಯ ಶೋಕದಲ್ಲಿದ್ದರೂ ಲಂಡನ್ನಿನ ಬಡವರು ತಮ್ಮ ಮುದುಕರ ಬಳಿಗೇ ಹೋದರು. ಕಾರ್ಲೈಲ್ ಪ್ಲೇಸಿನಲ್ಲಿ ಕೊನೆಯ ದರ್ಶನಕ್ಕೆ ಜನ ಸಾಲುಗಟ್ಟಿದರು. ಬ್ರಾಂಪ್ಟನ್ ಒರೇಟರಿಯಲ್ಲಿ ಬಲಿಪೂಜೆ ಮುಗಿದು ಶವಯಾತ್ರೆ ಕೆನ್ಸಲ್ ಗ್ರೀನ್ ಸ್ಮಶಾನಕ್ಕೆ ಹೊರಟಾಗ ಮೈಲಿಗಟ್ಟಲೆ ದಾರಿಯ ಎರಡೂ ಬದಿ ಜನ ಕಿಕ್ಕಿರಿದಿದ್ದರು. ಕಾರ್ಮಿಕ ಸಂಘಗಳು, ಪಾನನಿರೋಧ ಸಂಘಗಳು ತಮ್ಮ ತಮ್ಮ ಬಾವುಟ ಹಿಡಿದು ಬಂದಿದ್ದವು. ಅವರಲ್ಲಿ ಅನೇಕರು ಕಥೋಲಿಕರಾಗಿರಲಿಲ್ಲ.

ಕೆಲವೇ ವರ್ಷಗಳಲ್ಲಿ ಪರ್ಸೆಲ್ ಎಂಬುವರು ಬರೆದ ಎರಡು ಸಂಪುಟದ ಜೀವನಚರಿತ್ರೆ ಅವರ ಖಾಸಗಿ ಪತ್ರಗಳನ್ನೆಲ್ಲ ಬಯಲಿಗೆಳೆಯಿತು. 1918ರಲ್ಲಿ ಲಿಟನ್ ಸ್ಟ್ರೇಚಿ ಅದನ್ನೇ ಆಧರಿಸಿ ಅವರನ್ನು ಪದವಿಯ ಬೆನ್ನು ಹತ್ತಿದ ಚತುರನೆಂದು ಚಿತ್ರಿಸಿದರು. ಸ್ಟ್ರೇಚಿಯವರ ಬರವಣಿಗೆ ಸೊಗಸಾದುದು, ನಂಬಿಸುವಂಥದು. ಇಂಗ್ಲಿಷ್ ಓದುವವರಲ್ಲಿ ಬಹುಪಾಲು ಜನರಿಗೆ ಇಂದಿಗೂ ಪರಿಚಯವಿರುವುದು ಆ ಮ್ಯಾನಿಂಗ್ ಮಾತ್ರ. ಪಾಪ್ಲರಿನ ಶಾಲೆಗೆ ಆ ಪುಸ್ತಕದಲ್ಲಿ ಹೆಚ್ಚು ಜಾಗ ಸಿಗಲಿಲ್ಲ.

ಅವರು ಕಟ್ಟದೆ ಬಿಟ್ಟ ಕೆಥೀಡ್ರಲಿನ ಕೆಲಸ 1895ರಲ್ಲಿ ಆರಂಭವಾಗಿ, ವಿಕ್ಟೋರಿಯಾ ನಿಲ್ದಾಣದಿಂದ ಕೆಲವೇ ಹೆಜ್ಜೆ ದೂರದಲ್ಲಿ ಕೆಂಪು ಇಟ್ಟಿಗೆಯ ಎತ್ತರದ ಗೋಪುರದೊಡನೆ ಎದ್ದು ನಿಂತಿತು. 1907ರಲ್ಲಿ ಮ್ಯಾನಿಂಗ್ ಅವರ ದೇಹವನ್ನು ಕೆನ್ಸಲ್ ಗ್ರೀನಿನಿಂದ ತಂದು ಅದರ ನೆಲಮಾಳಿಗೆಯಲ್ಲಿ ಇರಿಸಿದರು.